ಏಟು ನಿಂತು ಮೂರು ವರ್ಷವಾಯಿತು, ಅಕ್ಕನ ಮರೆವು ಹೆಚ್ಚುತ್ತಿದೆ

ಪ್ರಶ್ನೆ (ಹಾಸನದಿಂದ):
ನನ್ನ ಅಕ್ಕನಿಗೆ 47 ವರ್ಷ. ಹದಿನೆಂಟು ವರ್ಷ ಭಾವನಿಂದ ಏಟು ತಿಂದಳು. ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸುತ್ತಿದ್ದ. ಕೂದಲೊಳಗಿನ ಬುಗುಟು ಯಾರಿಗೂ ಕಾಣುತ್ತಿರಲಿಲ್ಲ. ಎರಡು ಸಲ ಕುತ್ತಿಗೆ ಹಿಸುಕಿದ್ದನಂತೆ. ಈಗ ಅವಳು ನಮ್ಮ ಮನೆಯಲ್ಲಿದ್ದಾಳೆ. ಊರಿನ ಮದುವೆಗಳಿಗೆ ಅಡುಗೆ ಮಾಡುತ್ತಿದ್ದವಳು ಇವತ್ತು ಒಂದೇ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ. ಮಿಕ್ಸಿಯ ಸದ್ದಿಗೆ ತಲೆ ಹಿಡಿದುಕೊಂಡು ಕೂರುತ್ತಾಳೆ. ಹೋದ ವಾರ ಮಗಳನ್ನು ಕರೆಯಲು ಹೋಗಿ ಹೆಸರಿಗಾಗಿ ತಡಕಾಡಿದಳು. ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲ ಎಂದರು. ಬಂಧುಗಳು ನಾಟಕ ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಳೆಯ ಏಟಿಗೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ (ನಿವೃತ್ತ ನರ್ಸ್):
ಇರಬಹುದು, ತಂಗಿ. ಇಪ್ಪತ್ತು ವರ್ಷ ನರರೋಗದ ವಾರ್ಡಿನಲ್ಲಿದ್ದೆ. ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ, ಮೂಳೆಮುರಿತ ಕಾಣುತ್ತವೆ. ತಲೆ ಅಪ್ಪಳಿಸಿದಾಗ ಮಿದುಳಿನ ನರತಂತುಗಳು ಜಗ್ಗಿ ಹಾಳಾಗಿದ್ದರೆ ಅದು ಹೆಚ್ಚಾಗಿ ಕಾಣುವುದಿಲ್ಲ. ಕುತ್ತಿಗೆ ಹಿಸುಕಿದಾಗ ಆಮ್ಲಜನಕ ಸಿಗದೆ ಆಗುವ ಹಾನಿಯೇ ಬೇರೆ. ತಲೆಗೆ ಪದೇಪದೇ ಏಟು ತಿಂದ ಬಾಕ್ಸರ್‌ಗಳ ಇಂಥ ಸ್ಥಿತಿಯನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವಿವರಿಸಿದ್ದರು. ಗಂಡನ ಏಟಿನಿಂದ ಹೆಂಗಸೊಬ್ಬಳ ಮಿದುಳಿಗೆ ಅದೇ ಗತಿಯಾದ ವರದಿಯನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ್ದು 1990ರಲ್ಲಿ. ಈ ನಡುವಿನ ಅರವತ್ತೆರಡು ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆದರೂ ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ನಿದ್ರೆಗೇಡು ಇವುಗಳಿಂದಲೂ ಮರೆವು ಬರುತ್ತದೆ. ಅವನ್ನೂ ನೋಡಿಸಿ. ನಿಮ್ಹಾನ್ಸ್‌ಗೆ ಕರೆದೊಯ್ದು, ನೆನಪು ಮತ್ತು ಗಮನವನ್ನು ಅಳೆಯುವ ಪರೀಕ್ಷೆ ಮಾಡಿ ಎಂದು ಕೇಳಿ. ಏಟಿನ ವಿಷಯ ಮಾತ್ರ ಮುಚ್ಚಿಡಬೇಡಿ. ‘ಮೆಟ್ಟಿಲಿನಿಂದ ಬಿದ್ದೆ’ ಎಂದು ಬರೆಸಿದ ಚೀಟಿಗಳನ್ನು ನಾನು ಎಷ್ಟು ನೋಡಿದ್ದೇನೋ!

ಉತ್ತರ (ಶಿರಸಿಯಿಂದ):
ನಾನೂ ಏಟು ತಿಂದವಳು. ಒಲೆ ಹಚ್ಚಿದೊಡನೆ ಮೊಬೈಲಿನಲ್ಲಿ ಅಲಾರಾಂ ಇಡುತ್ತೇನೆ, ಉಪ್ಪು ಹಾಕಿದ ಮೇಲೆ ಡಬ್ಬಿಯನ್ನು ಎಡಗಡೆಗೆ ಸರಿಸುತ್ತೇನೆ. ಅಕ್ಕನಿಗೂ ಹೇಳಿಕೊಡಿ. ಚಿಕಿತ್ಸೆಯ ಖರ್ಚನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಅವನಿಂದಲೇ ಕೇಳಬಹುದು, ಅದಕ್ಕೆಂದೇ ಸರ್ಕಾರ ನೇಮಿಸಿರುವ ಸಂರಕ್ಷಣಾಧಿಕಾರಿಯನ್ನು ಕಾಣಿ. ಮಹಿಳಾ ಸಹಾಯವಾಣಿ 181.

ಪ್ರಶ್ನೆ ಕೇಳಿದವರು:
ಅಕ್ಕನ ಟ್ರಂಕಿನಲ್ಲಿ ಹಳೆಯ ಆಸ್ಪತ್ರೆ ಚೀಟಿಗಳು ನಾಲ್ಕು ಸಿಕ್ಕವು. ನಾಲ್ಕರಲ್ಲೂ ‘ಬಚ್ಚಲಲ್ಲಿ ಜಾರಿ ಬಿದ್ದು’ ಎಂದಿದೆ. ನಿನ್ನೆ ರಾತ್ರಿ ಅವಳನ್ನು ಕೇಳಿ, ಒಂದೊಂದರ ಹಿಂದೆಯೂ ನಿಜವಾಗಿ ಆದದ್ದನ್ನು ಬರೆದೆ. ಸೋಮವಾರ ಅವನ್ನು ತೆಗೆದುಕೊಂಡು ಬೆಂಗಳೂರಿಗೆ ಹೊರಡುತ್ತೇವೆ.