ಸೋಷಿಯಲ್ ಲಿಸನಿಂಗ್ ಇಂಟರ್ನ್‌ಶಿಪ್ ಮಾಡಿದೋರು ಯಾರಾದ್ರೂ ಇದೀರಾ?

ಹಾಸನದ ಹುಡುಗಿ:
ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಈಗಷ್ಟೇ ಮುಗೀತು. ಮಕ್ಕಳ ಲಸಿಕೆ ಬಗ್ಗೆ ಕೆಲಸ ಮಾಡೋ ಒಂದು ಸಂಸ್ಥೇಲಿ 4 ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ, ಜನ ಆನ್‌ಲೈನಲ್ಲಿ ಏನ್ ಮಾತಾಡ್ತಾರೆ ನೋಡಿ ವಾರಕ್ಕೊಂದು ರಿಪೋರ್ಟ್ ಕೊಡ್ಬೇಕಂತೆ. ಪೈಥಾನ್ ಸ್ವಲ್ಪ ಬರುತ್ತೆ, ಫೀಲ್ಡ್ ಏನೂ ಗೊತ್ತಿಲ್ಲ. ಮೊದ್ಲು ಏನ್ ಕಲೀಲಿ? ಅನುಭವ ಇರೋರು ಹೇಳಿ ಪ್ಲೀಸ್.

ನೀಲಿಬಾನು:
ನಾನು ಇದೇ ತರದ ಕೆಲಸ 6 ತಿಂಗಳು ಮಾಡಿದೀನಿ ತಂಗಿ. ಮೊದಲ ವಾರ ಕೋಡ್ ಮುಟ್ಬೇಡ, ಐನೂರು ಕಾಮೆಂಟ್ ಕೂತು ಕಣ್ಣಾರೆ ಓದು. ನಮ್ಮ ಕೀವರ್ಡ್ ಪಟ್ಟೀಲಿ ಶುರೂಲಿ ಲಸಿಕೆ, ವ್ಯಾಕ್ಸಿನ್ ಎರಡೇ ಇತ್ತು, ಆದ್ರೆ ತಾಯಂದ್ರು ಲಸಿಕೆ ಅನ್ನೋದೇ ಕಮ್ಮಿ, ಇಂಜೆಕ್ಷನ್ ಹಾಕಿಸ್ದೆ, ಚುಚ್ಚಿಸ್ಕೊಂಡ್ ಬಂದೆ, ಪೋಲಿಯೋ ಹನಿ, ಒಂದೂವರೆ ತಿಂಗಳಿಂದು ಅಂತಾರೆ, ಅದ್ರಲ್ಲೂ ಎಷ್ಟೋ ಜನ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತಾರೆ, ಒಂದೇ ಪದಕ್ಕೆ ಏಳೆಂಟು ಸ್ಪೆಲಿಂಗ್. ಆಶಾ ಅಂತ ಹುಡುಕಿದ್ರೆ ಆಶಾ ಕಾರ್ಯಕರ್ತೆಯರಿಗಿಂತ ಆಶಾ ಭೋಸ್ಲೆ ಹಾಡೇ ಜಾಸ್ತಿ ಬಂತು.

ಆಮೇಲೆ ಕಾಮೆಂಟ್ ಪಾಸಿಟಿವ್ವಾ ನೆಗೆಟಿವ್ವಾ ಅಂತ ತಾನೇ ಹೇಳೋ ರೆಡಿಮೇಡ್ ಸೆಂಟಿಮೆಂಟ್ ಟೂಲ್ ನಂಬ್ಕೋಬೇಡ. "ಪಾಪೂಗೆ ರಾತ್ರಿಯೆಲ್ಲ ಜ್ವರ, ಅಳು ನಿಲ್ಲಿಸ್ತಿಲ್ಲ, ಏನ್ ಮಾಡ್ಲಿ" ಅಂತ ಒಬ್ರು ಬರೆದಿದ್ರು, ಟೂಲ್ ಅದನ್ನ ನೆಗೆಟಿವ್ ಅಂತು. ಆ ತಾಯಿ ಲಸಿಕೆ ಬೇಡ ಅಂತಾನೇ ಇಲ್ಲ, ಪ್ರಶ್ನೆ ಕೇಳ್ತಿದಾರೆ. 6, 10, 14 ವಾರಕ್ಕೆ ಹಾಕೋ ಪೆಂಟಾವೇಲೆಂಟ್ (ಐದು ಕಾಯಿಲೆಗೆ ಒಂದೇ ಇಂಜೆಕ್ಷನ್) ಆದ್ಮೇಲೆ ಒಂದೆರಡು ದಿನ ಜ್ವರ ಬರೋದು ಸಾಮಾನ್ಯ, ಅದನ್ನ ಅವರಿಗೆ ಮುಂಚೆ ಯಾರೂ ಹೇಳಿರಲಿಲ್ಲ. ಇಂಥ ಕಾಮೆಂಟ್ ಒಂದು ವಾರದಲ್ಲಿ ಜಾಸ್ತಿಯಾದ್ರೆ ಪರ್ಸೆಂಟ್ ಬರೆದು ಸುಮ್ನಾಗ್ಬೇಡ, ಜ್ವರದ ವಿಷಯ ಇಂಜೆಕ್ಷನ್ ಹಾಕೋ ಹೊತ್ತಲ್ಲೇ ತಾಯಿಗೆ ಹೇಳ್ಬೇಕು ಅಂತ ಬರಿ, ಅದನ್ನ ಓದಿದೋರಿಗೆ ಮಾಡಕ್ಕೆ ಒಂದು ಕೆಲಸ ಸಿಗುತ್ತೆ. ನಾವು ಪ್ರಶ್ನೆ, ದೂರು, ವದಂತಿ, ಮೆಚ್ಚುಗೆ ಅಂತ ಗುಂಪು ಮಾಡ್ಕೊಂಡು 200 ಕಾಮೆಂಟನ್ನ ಇಬ್ರು ಬೇರೆಬೇರೆ ಕೂತು ವಿಂಗಡಿಸಿ ತಾಳೆ ನೋಡಿದ್ವಿ, ಯಾವ್ದು ದೂರು ಯಾವ್ದು ವದಂತಿ ಅಂತ ಜಗಳಾನೇ ಆಯ್ತು, ಆ ಜಗಳ ಆಗಿದ್ದಕ್ಕೇ ನಮ್ಮ ವಿಂಗಡಣೆ ಸರಿಯಾಯ್ತು.

ಡೇಟಾ ಎಲ್ಲಿಂದ ಬರುತ್ತೆ ಅಂತ ಮೊದಲ ದಿನಾನೇ ಕೇಳು. ಟ್ವೀಟ್ ಫ್ರೀಯಾಗಿ ಹುಡುಕೋ ಎಪಿಐ (ನಮ್ಮ ಕೋಡ್ ನೇರವಾಗಿ ಡೇಟಾ ತಗೊಳ್ಳೋ ದಾರಿ) 2023ರಲ್ಲಿ ನಿಂತೋಯ್ತು, ಫೇಸ್‌ಬುಕ್ ಪೇಜ್ ನೋಡಕ್ಕೆ ಬಳಸ್ತಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟಲ್ಲಿ ಮುಚ್ಚಿದ್ರು. ಯೂಟ್ಯೂಬ್ ಕಾಮೆಂಟ್ ಎಪಿಐನಲ್ಲಿ ಸಿಗುತ್ತೆ, ನಮಗೆ ಕನ್ನಡ ಜಾಸ್ತಿ ಸಿಕ್ಕಿದ್ದೂ ಅಲ್ಲೇ.

ಬಿಸಿಲೂರಾಂವ:
ನಾ ಕಲಬುರಗಿ ಕಡೆ ಫೀಲ್ಡ್‌ನ್ಯಾಗ ಅದೀನಿ. ಅಕ್ಕಾರು ಹೇಳಿದ್ದು ಖರೇ ಅದ, ನಮ್ ಕಡೆ "ಸೂಜಿ ಮಾಡ್ಸೋದು" ಅಂತಾರ, ಅದನ್ನೂ ಪಟ್ಟ್ಯಾಗ ಸೇರಸ್ರಿ ತಂಗಿ. ಆದ್ರ ಆನ್‌ಲೈನ್‌ನ್ಯಾಗ ಕಾಣವ್ರು ಯಾರು ಅಂತ ನೋಡ್ರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಾಗ ಒಮ್ಮೆಯಾದ್ರೂ ಇಂಟರ್ನೆಟ್ ಬಳಸಿದ ಹೆಣ್ಮಕ್ಕಳು 33 ಪರ್ಸೆಂಟ್, ಗಂಡಸ್ರು 57. ಕೂಸಿನ್ನ ಎತ್ಕೊಂಡು ಹೋಗಾಕಿ ತಾಯಿ, ಕಾಮೆಂಟ್ ಹಾಕಾಂವ ಮತ್ಯಾವನೋ. 2017ರ ಫೆಬ್ರವರಿಯಾಗ ದಡಾರ-ರುಬೆಲ್ಲಾ ಅಭಿಯಾನ ನಮ್ ರಾಜ್ಯದಾಗ ಸುರುವಾದಾಗ ಗಾಳಿಮಾತು ಹರದಾಡಿದ್ದು ವಾಟ್ಸಾಪ್‌ನ್ಯಾಗ, ಅಂಥಾವು ನಿಮ್ ಡ್ಯಾಶ್‌ಬೋರ್ಡಿಗೆ ಬರಂಗಿಲ್ಲ. ಹಂಗಂತ ಹೇಳದ ಕೇಳದ ಯಾರ್ದರೆ ಗ್ರೂಪಿಗೆ ಸೇರಿ ಸ್ಕ್ರೀನ್‌ಶಾಟ್ ತಗೀಬ್ಯಾಡ್ರಿ, ಅದು ತಪ್ಪು. ತಿಂಗಳಿಗೆ ಒಂದ್ ದಿನಾನರೆ ಲಸಿಕೆ ಹಾಕೋ ಅಂಗನವಾಡಿ ಮುಂದ ಕುಂತು ಕೇಳ್ರಿ. ಉಗಾಂಡಾದಾಗ ವಿಶ್ವಸಂಸ್ಥೆಯ ಪಲ್ಸ್ ಲ್ಯಾಬ್ ಕಂಪಾಲಾದವ್ರು ರೇಡಿಯೋ ಫೋನ್-ಇನ್ ಕಾರ್ಯಕ್ರಮದ ಮಾತು ಕಂಪ್ಯೂಟರ್‌ಲೆ ಬರಹಕ್ಕ ಇಳಿಸಿ ಹುಡುಕ್ತಿದ್ರು, ಲುಗಾಂಡಾ, ಅಚೋಲಿ ಅಂಥ ಭಾಷೆಯಾಗ, ಯಾಕಂದ್ರ ಹಳ್ಳಿ ಮಂದಿ ಮಾತಾಡೋದು ಅಲ್ಲಿ. ಮಂದಿ ಎಲ್ಲಿ ಮಾತಾಡ್ತಾರೋ ಅಲ್ಲಿ ನೀವು ಹೋಗ್ಬೇಕ್ರಿ.

ತುಂಗೆ ತೀರ:
ಸ್ಟೈಪೆಂಡ್ ಎಷ್ಟು, ಯಾವ ತಾರೀಖು, ಮೇಲ್‌ನಲ್ಲಿ ಬರೆಸ್ಕೊಳಿ, ನಂಗೆ ಎರಡು ತಿಂಗಳು ತಡ ಆಗಿತ್ತು. ಇನ್ನೊಂದು, ಕೆಟ್ಟ ಕಾಮೆಂಟ್ ದಿನಾ ಓದಿ ಓದಿ ಮನಸಿಗೆ ಭಾರ ಆಗುತ್ತೆ, ರಾತ್ರಿ ಕೂತು ಓದ್ಬೇಡಿ.

ಹಾಸನದ ಹುಡುಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನೀಲಿಬಾನು ಅಕ್ಕ, ಕಾಮೆಂಟ್ ಹಾಕಿದೋರ ಹೆಸರು, ಪ್ರೊಫೈಲ್ ಲಿಂಕ್ ಶೀಟಲ್ಲಿ ಇಟ್ಕೋಬೇಕಾ?

ನೀಲಿಬಾನು:
ಬೇಡ, ತಾರೀಖು, ಯಾವ ವಿಡಿಯೋ, ಯಾವ ಗುಂಪು, ಅಷ್ಟು ಸಾಕು. ರಿಪೋರ್ಟಲ್ಲೂ ಕಾಮೆಂಟನ್ನ ಇದ್ದ ಹಾಗೇ ಹಾಕ್ಬೇಡ, ನಿನ್ನ ಮಾತಲ್ಲಿ ಬರಿ, ಅದೇ ಪದ ಹಾಕಿ ಹುಡುಕಿದ್ರೆ ಆ ಮನುಷ್ಯರೇ ಸಿಕ್ಬಿಡ್ತಾರೆ. ನಾನು ಎರಡನೇ ರಿಪೋರ್ಟಲ್ಲಿ ಒಂದು ಸ್ಕ್ರೀನ್‌ಶಾಟ್ ಹಾಗೇ ಹಾಕ್ದೆ, ಹೆಸರು ಮುಚ್ಚಿದ್ದೆ, ಊರಿನ ಹೆಸರು ಕಾಣ್ತಿತ್ತು. ಮೀಟಿಂಗಲ್ಲಿ ಒಬ್ರು ನೋಡಿ "ಇದು ನಮ್ಮೂರಿನ ಇಂಥವರ ಸೊಸೆ ಅಲ್ವಾ" ಅಂದ್ರು. ಮಾರನೇ ವಾರ ಹೋಗಿ ನೋಡಿದ್ರೆ ಆ ಹೆಣ್ಮಗಳು ಕಾಮೆಂಟ್ ಡಿಲೀಟ್ ಮಾಡಿದ್ಲು, ಆಮೇಲೆ ಅಲ್ಲಿ ಅವಳು ಏನೂ ಕೇಳಲೇ ಇಲ್ಲ.