ಪಾದ ಮುಳುಗದ ಹಳ್ಳ, ಆಟೋ ಗಾತ್ರದ ಬಂಡೆ

ಪ್ರಶ್ನೆ: ನಮಸ್ಕಾರ ಸರ್. ನಾವು ಪುಣೆಯ ಕೋಥ್ರೂಡ್‌ನವರು. ಹೋದ ಭಾನುವಾರ ಮಕ್ಕಳ ಜೊತೆ ತಾಮ್ಹಿಣಿ ಘಾಟ್ ಕಡೆ ಹೋಗಿದ್ದೆವು. ಅಲ್ಲೊಂದು ಸಣ್ಣ ಹಳ್ಳ, ಪಾದವೂ ಮುಳುಗುವುದಿಲ್ಲ. ಪಕ್ಕದಲ್ಲೇ ಆಟೋರಿಕ್ಷಾದಷ್ಟು ದೊಡ್ಡ ಬಂಡೆ. ಮೇಲಿಂದ ಉರುಳಿತು ಅನ್ನೋಣ ಅಂದರೆ ಬೆಟ್ಟದ ಗೋಡೆ ಅರ್ಧ ಕಿಲೋಮೀಟರ್ ದೂರ. ಈ ಹಳ್ಳವೇ ತಂದಿತಾ? ಫೋಟೋ ಹಾಕಿದ್ದೇನೆ.

ಉತ್ತರ (ಭೂವಿಜ್ಞಾನಿ): ದಾರಿ ಹಳ್ಳದ್ದೇ, ಆದರೆ ತಂದದ್ದು ಬರೀ ನೀರಲ್ಲ. ಫೋಟೋದಲ್ಲಿ ಬಂಡೆಗಿಂತ ಅದರ ಹಿಂದಿನ ದಂಡೆ ನೋಡಿ. ಜೇಡಿಮಣ್ಣಿನಲ್ಲಿ ಮುಷ್ಟಿಯಷ್ಟು ಕಲ್ಲು, ಕುಂಬಳಕಾಯಿಯಷ್ಟು ಕಲ್ಲು ಎಲ್ಲ ಕಲಸಿಕೊಂಡಿವೆ. ಹರಿಯುವ ನೀರು ಕಲ್ಲು ಬೇರೆ, ಮರಳು ಬೇರೆ ಮಾಡಿ ಪದರ ಪದರವಾಗಿ ಬಿಡುತ್ತದೆ. ಇಲ್ಲಿ ಪದರವೇ ಇಲ್ಲ. ಇದು ಡೆಬ್ರಿಸ್ ಫ್ಲೋ, ಅಂದರೆ ಕಲ್ಲು-ಮಣ್ಣು ಕಲಸಿದ ಕೆಸರಿನ ಪ್ರವಾಹ, ಬಿಟ್ಟುಹೋದ ರಾಶಿ ಅಂತ ನನ್ನ ಅಂದಾಜು.

ಜೋರು ಮಳೆಯಲ್ಲಿ ಮೇಲಿನ ಮಣ್ಣು ಜಾರಿ, ನೀರು ಕುಡಿದು, ಹಸಿ ಕಾಂಕ್ರೀಟಿನ ಹಾಗೆ ಕೊರಕಲಿನಲ್ಲಿ ನುಗ್ಗುತ್ತದೆ. ನೀರಿಗಿಂತ ಸುಮಾರು ಎರಡು ಪಟ್ಟು ದಟ್ಟ. ನಮ್ಮ ಬಸಾಲ್ಟ್ ಬಂಡೆ ನೀರಿನಲ್ಲಿ ಮುಳುಗಿದರೆ ಮೂರನೇ ಒಂದು ಪಾಲು ಹಗುರಾಗುತ್ತದೆ, ಈ ಕೆಸರಿನಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು! ಅದಕ್ಕೇ ದೊಡ್ಡ ಬಂಡೆಗಳು ಮೇಲೆ ತೇಲಿದಂತೆ ಮುಂಚೂಣಿಗೆ ಬರುತ್ತವೆ.

ಪ್ರಶ್ನೆ: ಹಾಗಾದರೆ ಇದು ಬೆಟ್ಟ ಕೊರೆಯುತ್ತದಾ, ಕಣಿವೆ ತುಂಬುತ್ತದಾ?

ಉತ್ತರ: ಮೇಲೆ ಕೊರೆತ, ಕೆಳಗೆ ತುಂಬುವುದು. ಕಡಿದಾದ ಕೊರಕಲಿನಲ್ಲಿ ಎಷ್ಟೋ ವರ್ಷ ಮಣ್ಣು, ಕಲ್ಲು, ಒಣಮರ ಸುಮ್ನೆ ಕೂಡುತ್ತಿರುತ್ತವೆ. ಒಂದು ದಿನ ಎಲ್ಲ ಒಟ್ಟಿಗೆ ಗುಡಿಸಿಹೋಗಿ ತಳದ ಕಲ್ಲು ಬೆತ್ತಲಾಗುತ್ತದೆ. ಹೋಗುವಾಗ ಬಂಡೆಗಳು ಆ ತಳವನ್ನೂ ಕುಟ್ಟುತ್ತವೆ. ಬಸಾಲ್ಟಿನಲ್ಲಿ ಬಿರುಕು ಜಾಸ್ತಿ, ತುಂಡು ತುಂಡಾಗಿ ಕಿತ್ತು ಬರುತ್ತದೆ. ಆಮೇಲೆ ಮತ್ತೆ ಕೂಡಲು ಶುರು.

ಕಣಿವೆ ಕೊರೆಯುವುದೆಲ್ಲ ನದಿ ಅಂತ ನಾವೂ ಕಾಲೇಜಿನಲ್ಲಿ ಓದಿದವರೇ. 2003ರಲ್ಲಿ ಸ್ಟಾಕ್ ಮತ್ತು ಡೀಟ್ರಿಚ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಕಣಿವೆಗಳ ಇಳಿಜಾರು ಅಳೆದು ನೋಡಿದರು. ನೂರು ಅಡಿಗೆ ಸುಮಾರು 3ರಿಂದ 10 ಅಡಿಗಿಂತ ಕಡಿದಾದ ಕಡೆ ನದಿಯ ಲೆಕ್ಕ ಕೂಡಿಬರಲಿಲ್ಲ. ಅಲ್ಲಿ ಕಣಿವೆ ಕೊರೆದದ್ದು ಬಹುಪಾಲು ಇಂಥ ಕೆಸರೇ ಅಂದರು.

ಪ್ರಶ್ನೆ: ಸರ್, ಅಂಥದ್ದೇ ಒಂದು ಹಳ್ಳದ ಬಾಯಲ್ಲಿ ನಮಗೆ ಪ್ಲಾಟ್ ತೋರಿಸಿದ್ದಾರೆ. ಬೀಸಣಿಗೆ ಬಿಚ್ಚಿದ ಹಾಗಿರುವ ಜಾಗ, ವ್ಯೂ ಚೆನ್ನಾಗಿದೆ.

ಉತ್ತರ: ಆ ಬೀಸಣಿಗೆಯೇ ರಾಶಿ ಬಂದು ಬಂದು ಆದದ್ದು! ಎರಡಡಿ ಗುಂಡಿ ತೋಡಿಸಿ ನೋಡಿ, ಆ ದಂಡೆಯ ಹಾಗೇ ಕಲಸಿದ ಕಲ್ಲು-ಮಣ್ಣು ಸಿಕ್ಕರೆ ಅಡ್ವಾನ್ಸ್ ಕೊಡಬೇಡಿ. ನಮ್ಮ ಜಿಲ್ಲೆಯ ಮಾಳಿಣ ಹಳ್ಳಿ ಗೊತ್ತಲ್ವಾ? 2014ರ ಜುಲೈ 30ರ ಬೆಳಿಗ್ಗೆ ಗುಡ್ಡ ಜಾರಿ ಬಂದು 150ಕ್ಕೂ ಹೆಚ್ಚು ಜನ ಹೋದರು. ಇನ್ನೊಂದು ಮಾತು: ಮಳೆಗಾಲದಲ್ಲಿ ತಿರುಗಾಡಲು ಹೋದಾಗ, ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿದರೆ ಮೇಲೆಲ್ಲೋ ಕಲ್ಲು-ಮಣ್ಣು ಅಡ್ಡ ಕಟ್ಟಿಕೊಂಡಿರಬಹುದು, ಅದು ಒಡೆದರೆ ಎಲ್ಲ ಒಟ್ಟಿಗೆ ನುಗ್ಗುತ್ತದೆ. ಮಕ್ಕಳ ಕೈ ಹಿಡಿದು ಪಕ್ಕದ ದಿಬ್ಬ ಹತ್ತಿಬಿಡಿ. ಹಳ್ಳದ ಗುಂಟ ಕೆಳಗೆ ಮಾತ್ರ ಓಡಬೇಡಿ.