ಸಹಾಯ ಬೇಕು: ‘ಅತಿ ತುರ್ತು’ ಮೆಸೇಜುಗಳ ಗೋಜಲು ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಸಿ ಶೈಕ್ಷಣಿಕ ಜಿಲ್ಲೆಯ ಒಂದು ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು) ಸಿಆರ್‌ಪಿ, ಅಂದರೆ ಸಂಪನ್ಮೂಲ ವ್ಯಕ್ತಿ ಆಗಿದ್ದೇನೆ. ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಕಚೇರಿಯಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅಲ್ಲಿಂದ ನಾವು, ನಮ್ಮಿಂದ ಮುಖ್ಯ ಶಿಕ್ಷಕರು. ಸುತ್ತೋಲೆ ಇಳಿಯುವ ದಾರಿ ಗೊತ್ತಿದ್ದದ್ದೇ.

ತಲೆನೋವು ವಾಟ್ಸಾಪಿನದು. ‘ಇಂದು ಸಂಜೆ 4ರೊಳಗೆ ಕಡ್ಡಾಯ’ ಅಂತ ಮಧ್ಯಾಹ್ನ ಒಂದು ಎಕ್ಸೆಲ್ ನಮೂನೆ ಬರುತ್ತದೆ. ಒಳಗೆ ಕೇಳಿದ್ದು ಎಸ್‌ಎಟಿಎಸ್‌ನಲ್ಲಿ (ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಆಗಲೇ ತುಂಬಿದ ಅದೇ ಮಕ್ಕಳ ಸಂಖ್ಯೆ. ಕಾಲಂ ಮಾತ್ರ ಹಿಂದುಮುಂದು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಏಕೋಪಾಧ್ಯಾಯ ಶಾಲೆಯ ಅಕ್ಕೋರು ಪಾಠ ಬಿಟ್ಟು ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. (ಕಳಿಸುವವರಿಗೂ ಮೇಲಿನಿಂದ ಒತ್ತಡ ಇರುತ್ತದೆ, ಒಪ್ಪೋಣ.)

ಗುಣಮಟ್ಟ ಸುಧಾರಣೆಯ ತಜ್ಞ ಡೆಮಿಂಗ್ ಪ್ರಚಾರಕ್ಕೆ ತಂದ ಪಿಡಿಎಸ್‌ಎ ಕ್ರಮವನ್ನು, ಅಂದರೆ ಯೋಜಿಸು, ಮಾಡು, ಪರಿಶೀಲಿಸು, ತಿದ್ದು, ನಮ್ಮ ಕ್ಲಸ್ಟರಿನಲ್ಲೇ ಸಣ್ಣದಾಗಿ ಪ್ರಯೋಗಿಸುವ ಆಲೋಚನೆ ಇದೆ. ಸುತ್ತೋಲೆ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಉತ್ತರ ತಪ್ಪಾಗಿ ವಾಪಸ್ ಬರುತ್ತವೆ, ಇವೆರಡನ್ನೇ ಮೊದಲು ಅಳೆಯಬೇಕೆಂದಿದ್ದೇನೆ.

ಕಾರವಾರ, ಕುಮಟಾ ಕಡೆ ಯಾರಾದರೂ ಇಂಥದ್ದು ಮಾಡಿದ್ದೀರಾ? ‘ಯಾರಿಗೆ, ಯಾಕೆ, ಯಾವಾಗ ಬೇಕು, ಎಸ್‌ಎಟಿಎಸ್‌ನಲ್ಲಿ ಇದೆಯೇ’ ಎಂದು ಕೇಳುವ ಒಂದೇ ಪುಟದ ನಮೂನೆ ಇದ್ದರೆ ಹಾಕಿ. ಮುಖ್ಯವಾಗಿ, ಸಾಹೇಬರ ಮುಂದೆ ಇದನ್ನು ದೂರಿನಂತೆ ಕಾಣದ ಹಾಗೆ ಇಡುವುದು ಹೇಗೆ, ಅನುಭವಸ್ಥರು ಹೇಳಿ.